ಗಂಜಿನ ಪಟ್ಟಿ

ಕಳೆದ ತಿಂಗಳು ಇಲ್ಲಿ ಅಮೆರಿಕದ ಹೈಸ್ಕೂಲೊಂದರಲ್ಲಿ ನಡೆದ ಹಣಕಾಸಿನ ಮೇಳಕ್ಕೆ, ನಾನು ಕೆಲಸ ಮಾಡುವ ಕ್ರೆಡಿಟ್ ಯೂನಿಯನ್ನಿನ ಪರವಾಗಿ ಹೋಗಿದ್ದೆ. ಅಮೆರಿಕದ ಕ್ರೆಡಿಟ್ ಯೂನಿಯನ್ನೆಂದರೆ ನಮ್ಮ ಸಹಕಾರಿ ಸಂಘದ ಬಳಗದ್ದೇ. ಠೇವಣಿ ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಮತ. ಮೇಳದಲ್ಲಿ ಮಕ್ಕಳಿಗೆ ಕಲ್ಪಿತ ನೌಕರಿ, ಕಲ್ಪಿತ ಸಂಬಳ ಕೊಟ್ಟು, ಬಾಡಿಗೆ, ಕಾರು, ವಿಮೆ ಎಂದು ಮೇಜಿನಿಂದ ಮೇಜಿಗೆ ಕಳಿಸಿ, ಕೊನೆಗೆ ನಮ್ಮೆದುರು ಕೂರಿಸಿ ಲೆಕ್ಕ ನೋಡಿಸುತ್ತಾರೆ. ನನ್ನೆದುರು ಕುಳಿತ ಹದಿನಾರರ ಹುಡುಗಿ ಕಾರಿನ ಕಂತಿನ ಲೆಕ್ಕ ಮುಗಿಸಿ, "ನಮ್ಮಪ್ಪನ ಕಾರ್ಡಿನ ಸಾಲ ಇದಕ್ಕಿಂತ ಹೆಚ್ಚಿದೆ, ಈ ವರ್ಷ ತೀರಿಸುತ್ತೇವೆ" ಎಂದು ಸಹಜವಾಗಿ ಹೇಳಿಬಿಟ್ಟಳು. ಅಪ್ಪನ ಸಾಲವನ್ನು ತಾನೂ ಸೇರಿ ತೀರಿಸುವ ಆ ಮಾತು ನನಗೆ ಚುಚ್ಚಿತು.

ಮಾನ್ವಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಸಾಲ ಅಪ್ಪನೊಬ್ಬನದಾಗಿತ್ತು. ಕೇಳಿದರೆ, "ಅದೆಲ್ಲ ನಿನಗ್ಯಾಕ, ಓದೋದು ನೋಡು" ಎನ್ನುತ್ತಿದ್ದ. ನನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಅಪ್ಪನಿಗೆ ಜ್ವರ ಬಂದಿದ್ದ ಒಂದು ದಿನ, ಭತ್ತದ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ ತರಲು ನಾನೇ ಗಂಜಿಗೆ, ಧಾನ್ಯದ ಮಾರುಕಟ್ಟೆಗೆ ಹೋದೆ. ದಲಾಲಿ ಅಂಗಡಿಯ ಗುಮಾಸ್ತ ಹಮಾಲಿ, ತೂಕ, ಬೀಜ ಗೊಬ್ಬರದ ಉದ್ರಿ ಎಂದು ಒಂದೊಂದೇ ಮುರಿದುಕೊಂಡು, ಕೊನೆಗೆ ಬಡ್ಡಿಗೆ ಬಂದಾಗ ಉಳಿದದ್ದು ಬಸ್ ಚಾರ್ಜಿಗಿಂತ ಸ್ವಲ್ಪ ಹೆಚ್ಚು. "ನಿಮ್ಮಪ್ಪ ಹೇಳಿಲ್ಲೇನು?" ಎಂದು ಆತ ಕೇಳಿದ. ಅಂಗಡಿಯಲ್ಲಿ ಕುಳಿತಿದ್ದ ನಮ್ಮೂರಿನ ನಾಲ್ಕು ಮಂದಿಗೂ ಗೊತ್ತಿದ್ದ ಸಂಗತಿ, ಮುಂದೆ ಅದನ್ನು ತೀರಿಸಬೇಕಾದ ನನಗೊಬ್ಬನಿಗೇ ಗೊತ್ತಿರಲಿಲ್ಲ.

ಬಡ್ಡಿ ಎಷ್ಟೆಂದರೆ "ಎರಡು ರೂಪಾಯಿ". ಈ ಮಾತಿನ ಮೇಲೆ ನನಗೆ ಈಗಲೂ ಸಿಟ್ಟಿದೆ. ನೂರಕ್ಕೆ ತಿಂಗಳಿಗೆ ಎರಡು ಎಂದರೆ ವರ್ಷಕ್ಕೆ ಶೇಕಡ 24. ಲಕ್ಷ ರೂಪಾಯಿ ಸಾಲಕ್ಕೆ 24,000. ಆದರೆ ಎರಡು ರೂಪಾಯಿ ಎಂದಾಗ ಅದು ಚಹಾದ ಚಿಲ್ಲರೆಯಂತೆ ಕೇಳಿಸುತ್ತದೆ. ಅಮೆರಿಕದಲ್ಲಿ ಸಾಲ ಕೊಡುವವರು ವಾರ್ಷಿಕ ದರವನ್ನು ಬರೆದು ತೋರಿಸಬೇಕೆಂದು 1968ರಲ್ಲೇ ಕಾನೂನಾಗಿದೆ, ಫೆಡರಲ್ (ಕೇಂದ್ರದ ಪರವಾನಗಿಯ) ಕ್ರೆಡಿಟ್ ಯೂನಿಯನ್ನುಗಳಿಗೆ ಸಾಮಾನ್ಯ ಸಾಲದ ಬಡ್ಡಿಯ ಮಿತಿ ಶೇಕಡ 18. ದಿನವೂ ಆ ಕಾಗದವನ್ನು ಸದಸ್ಯರ ಮುಂದಿಡುವಾಗ, ಆ ಗಂಜಿನ ಪಟ್ಟಿಯ ಮೇಲೂ ಇಂಥದೊಂದು ಸಾಲು ಇದ್ದಿದ್ದರೆ ಅಪ್ಪನ ಗುಟ್ಟು ಅಷ್ಟು ವರ್ಷ ಉಳಿಯುತ್ತಿತ್ತೇ ಎಂದು ಯೋಚಿಸುತ್ತೇನೆ.

ಊರಿಗೆ ಹೋದಾಗ ಇದನ್ನು ಅವ್ವನ ಮುಂದೆ ಹೇಳಿ ಪೆಟ್ಟು ತಿಂದೆ. ಅವಳ ಸ್ತ್ರೀಶಕ್ತಿ ಸಂಘದಲ್ಲಿ ಪ್ರತಿ ವಾರ ಯಾರ ಸಾಲ ಎಷ್ಟು, ಯಾರ ಕಂತು ಬಾಕಿ ಎಂದು ಎಲ್ಲರೆದುರೂ ಓದುತ್ತಾರಂತೆ. ಎರಡು ರೂಪಾಯಿ ಬಡ್ಡಿಯ ಲೆಕ್ಕವನ್ನು ಅವಳು ಬಾಯಲ್ಲೇ ಹೇಳಿದಳು, ಮೇಳದ ಮಕ್ಕಳಿಗೆ ಅದಕ್ಕೆ ಫೋನ್ ಬೇಕಾಗಿತ್ತು. ಸಹಕಾರದ ಪಾಠವನ್ನೂ ನಾವು ಅಮೆರಿಕದಿಂದ ಕಲಿಯಬೇಕಾಗಿಲ್ಲ: ಇಲ್ಲಿನ ಮೊದಲ ಕ್ರೆಡಿಟ್ ಯೂನಿಯನ್ ಹುಟ್ಟಿದ್ದು 1908-09ರಲ್ಲಿ, ಗದಗ ಸೀಮೆಯ ಕಣಗಿನಹಾಳದ ಸಹಕಾರಿ ಸಂಘ 1905ರದು.

ಇನ್ನೊಂದನ್ನೂ ಒಪ್ಪಬೇಕು, ಮನಸ್ಸಿಲ್ಲದಿದ್ದರೂ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗಕ್ಕೆ ನೀರು ಬಾರದೆ ಗದ್ದೆ ಒಣಗಿದ ವರ್ಷ ಅದೇ ದಲಾಲಿ ವಸೂಲಿಗೆಂದು ಮನೆ ಬಾಗಿಲಿಗೆ ಬರಲಿಲ್ಲ, ಮೇಲಾಗಿ ಅಕ್ಕನ ಮದುವೆಗೆ ಮತ್ತೆ ಹಣ ಕೊಟ್ಟ. ಆಗಿನ ಅಪ್ಪನಂಥ ಸಾಲಗಾರನಿಗೆ ನಮ್ಮ ಕ್ರೆಡಿಟ್ ಯೂನಿಯನ್ನಿನಲ್ಲಿ ನಾನೇ ಸಾಲ ನಿರಾಕರಿಸಿ ಕಾಗದ ಕಳಿಸಬೇಕಾಗುತ್ತಿತ್ತು. ದಲಾಲಿ ಕಾದ, ನಿಜ; ಬಡ್ಡಿ ಮಾತ್ರ ಬೆಳೆಯುತ್ತಲೇ ಇತ್ತು.

ಈಗ ಒಕ್ಕಲುತನ ನೋಡಿಕೊಳ್ಳುವವನು ಅಣ್ಣ. ಈ ಸಲದ ಪಟ್ಟಿಯನ್ನು ಪಿಯುಸಿ ಓದುವ ಮಗಳ ಕೈಯಲ್ಲಿ ಓದಿಸು ಎಂದು ಫೋನಿನಲ್ಲಿ ಕೇಳಿಕೊಂಡೆ. "ನೋಡೋಣು ತಡಿ" ಎಂದಿದ್ದಾನೆ. ನಮ್ಮ ಕಡೆ ಹಾಗೆಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.