ಒಬ್ಬನೇ ಅಧ್ಯಕ್ಷ, ಒಂದೇ ಊರು, ಮೂರು ಕೌಂಟರ್

ಅಮೆರಿಕದ ಮಿಡ್‌ವೆಸ್ಟ್‌ನಲ್ಲಿ ‘ಮೂರು ದಿನಕ್ಕೆ ಐದು ಕ್ಯಾಪಿಟಲ್ (ರಾಜ್ಯದ ಶಾಸನಸಭೆ ಕಟ್ಟಡ), ನಾಲ್ಕು ಅಧ್ಯಕ್ಷರ ಜಾಗ’ ಅಂತ ಪ್ಲಾನ್ ಬರೆದು ಹಂಚುವವರನ್ನ ಕಂಡರೆ ಮೈಯೆಲ್ಲ ಉರಿಯುತ್ತೆ. ಊರಿಂದ ಬಂದ ಅಪ್ಪ–ಅಮ್ಮನನ್ನ ಕಾರಲ್ಲಿ ಕೂರಿಸಿಕೊಂಡು ಅದೇ ಪಟ್ಟಿ ನಂಬಿ ಹೊರಡೋ ಕನ್ನಡದ ಮನೆಗಳು ಎಷ್ಟಿಲ್ಲ! ಪಟ್ಟಿಯಲ್ಲಿರೋದು ಬರೀ ಡ್ರೈವಿಂಗ್ ಹೊತ್ತು. ಬಾಗಿಲ ಕೀ ಯಾರ ಹತ್ರ ಇದೆ, ಒಂದು ಸಲಕ್ಕೆ ಎಷ್ಟು ಜನರನ್ನ ಬಿಡ್ತಾರೆ, ಯಾವ ವಾರ ಬೀಗ, ಒಂದನ್ನೂ ಬರೆಯಲ್ಲ.

‘ನ್ಯಾಷನಲ್ ಪಾರ್ಕ್ ಪಾಸ್ ತಗೊಂಡುಬಿಡಿ, ಎಲ್ಲಾ ಕಡೆ ನಡೆಯುತ್ತೆ’ ಅನ್ನೋದಂತೂ ಶುದ್ಧ ಸುಳ್ಳು. ಅಧ್ಯಕ್ಷರ ಲೈಬ್ರರಿ–ಮ್ಯೂಸಿಯಂಗಳಲ್ಲಿ ಹೆಚ್ಚಿನವನ್ನ ನಡೆಸೋದು ನ್ಯಾಷನಲ್ ಆರ್ಕೈವ್ಸ್, ಅಂದ್ರೆ ಕೇಂದ್ರದ ದಾಖಲೆ ಇಲಾಖೆ. ಮಿಸೌರಿಯ ಇಂಡಿಪೆಂಡೆನ್ಸ್ ಊರಿನ ಟ್ರೂಮನ್ ಮ್ಯೂಸಿಯಂ, ಕಾನ್ಸಸ್‌ನ ಅಬಿಲೀನ್‌ನ ಐಸೆನ್‌ಹೋವರ್ ಮ್ಯೂಸಿಯಂ ಎರಡರಲ್ಲೂ ಆ ಪಾಸಿಗೆ ಬೆಲೆಯಿಲ್ಲ, ಬೇರೆ ಟಿಕೆಟ್ ತಗೋಬೇಕು. ನ್ಯಾಷನಲ್ ಪಾರ್ಕ್‌ಗಳನ್ನ ನಡೆಸೋ ಪಾರ್ಕ್ ಸರ್ವಿಸ್ ಕೈಯಲ್ಲಿರೋ ಲಿಂಕನ್ ಮನೆ, ಟ್ರೂಮನ್ ಮನೆಗೆ ಪ್ರವೇಶವೇ ಉಚಿತ. ಅಂದಮೇಲೆ ಈ ದಾರಿಗೆ ಪಾಸ್ ಯಾಕೆ ಕೊಳ್ಳಬೇಕು?

ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡ್ ನೋಡಿ. ಲಿಂಕನ್ ಮನೆ ಕೇಂದ್ರದ್ದು. ಒಳಗೆ ಹೋಗೋಕೆ ದುಡ್ಡಿಲ್ಲ, ಗಾಡಿ ನಿಲ್ಲಿಸೋಕೆ ಗಂಟೆ ಲೆಕ್ಕ. ಟಿಕೆಟ್ ಮನೆ ಬಾಗಿಲಲ್ಲಿ ಸಿಗಲ್ಲ, ವಿಸಿಟರ್ ಸೆಂಟರ್‌ನಲ್ಲಿ ಮೊದಲೇ ತಗೊಂಡು, ಅದರಲ್ಲಿರೋ ಹೊತ್ತಿಗೆ ಹೋಗಬೇಕು. ಲಿಂಕನ್ ಮ್ಯೂಸಿಯಂ, 1858ರಲ್ಲಿ ಲಿಂಕನ್ ಗುಲಾಮಗಿರಿ ಬಗ್ಗೆ ‘ಒಡೆದ ಮನೆ’ ಭಾಷಣ ಮಾಡಿದ ಹಳೇ ಕ್ಯಾಪಿಟಲ್, ಓಕ್ ರಿಡ್ಜ್ ಸ್ಮಶಾನದಲ್ಲಿರೋ ಅವನ ಸಮಾಧಿ, ಇವೆಲ್ಲ ರಾಜ್ಯದ್ದು. ಮ್ಯೂಸಿಯಂಗೆ ಟಿಕೆಟ್ ಬೇರೆ. ಸಮಾಧಿ ಪೇಟೆಯಿಂದ ದೂರ, ಮತ್ತೆ ಗಾಡಿ ತೆಗೀಬೇಕು. ಇದಕ್ಕೆಲ್ಲ ‘ಎರಡು ಗಂಟೆ’ ಅಂತ ಬರೆದಿರ್ತಾರೆ. ಮನೆಯ ಮೆಟ್ಟಿಲು ಹತ್ತುವಾಗ ಹಿಡಿಯೋ ಕೈಹಿಡಿಕೆ ಲಿಂಕನ್ ಹಿಡಿದದ್ದೇ. ಅದನ್ನೂ ಓಡ್ತಾ ಮುಟ್ಟಬೇಕಾ?

ಇಂಡಿಪೆಂಡೆನ್ಸ್‌ನಲ್ಲಿ ಟ್ರೂಮನ್ ಮನೆಗೆ ಒಂದು ಸಲಕ್ಕೆ ಎಂಟೇ ಜನ, ಕೆಳಗಿನ ಅಂತಸ್ತು ಮಾತ್ರ. ಟಿಕೆಟ್ ಕೊಡೋದು ಕೆಲವು ಬ್ಲಾಕ್ ಆಚೆಯ ವಿಸಿಟರ್ ಸೆಂಟರ್‌ನಲ್ಲಿ. ಎರಡು ಸಂಸಾರ ಒಟ್ಟಿಗೆ ಹೋದರೆ ಅರ್ಧ ಜನ ಹೊರಗೆ ಕಾಯೋದೇ. ಬಾಗಿಲ ಹತ್ರ ಟ್ರೂಮನ್‌ನ ಕೋಟು, ಹ್ಯಾಟು ಈಗಲೂ ಮೊಳೆಗೆ ನೇತಾಡ್ತಿವೆ. ಅದನ್ನ ನೋಡೋಕಂತಲೇ ಅಷ್ಟು ದೂರ ಬಂದವರು ಮಧ್ಯಾಹ್ನ ತಲುಪಿ ಬೇಲಿ ಮುಂದೆ ಫೋಟೋ ತೆಗೆದು ವಾಪಸ್ ಹೋಗ್ತಾರೆ. ಬೆಳಿಗ್ಗೆ ಮೊದಲು ಟಿಕೆಟ್, ಆಮೇಲೆ ಮ್ಯೂಸಿಯಂ ಅಂತ ಒಂದು ಸಾಲು ಬರೆಯೋಕೆ ಏನು ಕಷ್ಟ?

ಕ್ಯಾಪಿಟಲ್‌ಗಳ ಕಥೆ ಇನ್ನೊಂದು. ಕಾನ್ಸಸ್‌ನ ಟೊಪೀಕಾ, ಐಯೋವಾದ ಡಿ ಮೊಯಿನ್, ಎರಡೂ ಊರಿನ ಕ್ಯಾಪಿಟಲ್ ಭಾನುವಾರ ಮುಚ್ಚಿರುತ್ತೆ. ಶುಕ್ರವಾರ ಹೊರಟು ಪೂರ್ವದಿಂದ ಬಂದರೆ ಈ ಎರಡರಲ್ಲಿ ಒಂದು ಭಾನುವಾರಕ್ಕೇ ಬೀಳುತ್ತೆ. ಟೊಪೀಕಾ ಕ್ಯಾಪಿಟಲ್‌ನ ಗುಮ್ಮಟ ‘ತಪ್ಪಿಸಬೇಡಿ’ ಅಂತಾರೆ. ಐದನೇ ಮಹಡಿವರೆಗೆ ಲಿಫ್ಟ್, ಅಲ್ಲಿಂದ ಮೇಲೆ 296 ಮೆಟ್ಟಿಲು, ಅದೂ ಗೈಡ್ ಜೊತೆ, ಅವರು ಹೇಳಿದ ಹೊತ್ತಿಗೆ ಮಾತ್ರ. ಮಂಡಿನೋವಿನ ಅಮ್ಮನಿಗೆ ಇದನ್ನ ಮೊದಲೇ ಹೇಳದೆ ಕರ್ಕೊಂಡು ಹೋಗೋದು ಅನ್ಯಾಯ. ಎರಡನೇ ಮಹಡಿಯಲ್ಲಿ ಜಾನ್ ಸ್ಟುವರ್ಟ್ ಕರಿ ಬರೆದ, ಗುಲಾಮಗಿರಿ ವಿರುದ್ಧ ಬಂದೂಕು ಹಿಡಿದ ಜಾನ್ ಬ್ರೌನ್‌ನ ಗೋಡೆಚಿತ್ರ ಇದೆ. ಒಂದು ಕೈಯಲ್ಲಿ ಬೈಬಲ್, ಇನ್ನೊಂದರಲ್ಲಿ ಬಂದೂಕು, ಗಾಳಿಗೆ ಹಾರೋ ಗಡ್ಡ. ಅಮ್ಮನಿಗೆ ಅಲ್ಲೇ ಅರ್ಧ ಗಂಟೆ ಕೊಡಿ, ಗುಮ್ಮಟಕ್ಕಿಂತ ಅದೇ ದೊಡ್ಡದು.

ನೆಬ್ರಾಸ್ಕದ ಲಿಂಕನ್ ಊರಿನ ಕ್ಯಾಪಿಟಲ್‌ನಲ್ಲಿ ಮಾತ್ರ 400 ಅಡಿಯ ಗೋಪುರಕ್ಕೆ ಲಿಫ್ಟ್ ಇದೆ, 14ನೇ ಮಹಡಿಯಿಂದ ಇಡೀ ಊರು ಕಾಣುತ್ತೆ. ಪಟ್ಟಿಯವರು ಅದಕ್ಕೆ ಕೊಡೋದು ಹೊರಗಿಂದ ಹತ್ತು ನಿಮಿಷ.

ನಾಲ್ಕು ಜಾಗ ಕಡಿಮೆ ಬರೀರಿ, ಪರವಾಗಿಲ್ಲ. ಒಂದೊಂದರ ಮುಂದೆ ಬೀಗ ಹಾಕೋ ವಾರ, ಟಿಕೆಟ್ ಕೊಡೋ ಜಾಗ, ಮೆಟ್ಟಿಲೆಷ್ಟು ಅಂತ ಬರೀರಿ.