ಸತ್ಯಾಂಶ: ಪಿಟ್ಯುಟರಿ ಗೆಡ್ಡೆ ಎಂದರೆ ಮಿದುಳಿನ ಕ್ಯಾನ್ಸರ್ ಅಲ್ಲ

‘ಪಿಟ್ಯುಟರಿ ಗೆಡ್ಡೆ ಎಂದರೆ ಮಿದುಳಿನ ಕ್ಯಾನ್ಸರ್, ತಲೆಬುರುಡೆ ತೆರೆಯದೆ ಗತಿಯಿಲ್ಲ’ ಎಂಬ ಸಂದೇಶ ರಾಯಚೂರಿನ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿದೆ. ಇದು ತಪ್ಪು, ರೋಗಿಗಳನ್ನು ವಿನಾಕಾರಣ ಹೆದರಿಸುವ ತಪ್ಪು. ಪಿಟ್ಯುಟರಿ ಎಂದರೆ ಮಿದುಳಿನ ತಳದಲ್ಲಿರುವ, ಹಾರ್ಮೋನುಗಳನ್ನು ಸ್ರವಿಸುವ ಪುಟ್ಟ ಗ್ರಂಥಿ. ಅದರಲ್ಲಿ ಬೆಳೆಯುವ ಗೆಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ.

ಗೆಡ್ಡೆ ಯಾವ ಹಾರ್ಮೋನನ್ನು ಅತಿಯಾಗಿ ಸ್ರವಿಸುತ್ತಿದೆ ಎಂಬುದರ ಮೇಲೆ ವೈದ್ಯರು ಅದನ್ನು ವಿಂಗಡಿಸುತ್ತಾರೆ. ಪ್ರೊಲ್ಯಾಕ್ಟಿನ್ ಹೆಚ್ಚಿದರೆ ಮುಟ್ಟು ನಿಲ್ಲಬಹುದು, ಹೆರದವರಲ್ಲೂ ಎದೆಹಾಲು ಒಸರಬಹುದು. ಬೆಳವಣಿಗೆಯ ಹಾರ್ಮೋನು ಹೆಚ್ಚಿದರೆ ವಯಸ್ಕರ ಕೈ, ಪಾದ, ದವಡೆ ದೊಡ್ಡದಾಗುತ್ತವೆ. ಉಂಗುರ, ಚಪ್ಪಲಿ ಬಿಗಿಯಾಗತೊಡಗುತ್ತವೆ. ಅಡ್ರಿನಲ್ ಗ್ರಂಥಿಗಳನ್ನು ಪ್ರಚೋದಿಸುವ ಎಸಿಟಿಎಚ್ ಹಾರ್ಮೋನು ಹೆಚ್ಚಿದರೆ ಕುಶಿಂಗ್ ಕಾಯಿಲೆ, ಅಂದರೆ ಮುಖ ದುಂಡಗಾಗಿ ಹೊಟ್ಟೆಯ ಸುತ್ತ ಬೊಜ್ಜು ಸೇರುವ ಕಾಯಿಲೆ. ಯಾವ ಹಾರ್ಮೋನನ್ನೂ ಹೆಚ್ಚಿಸದ ಗೆಡ್ಡೆಗಳೂ ಇವೆ. ಗಾತ್ರ 10 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ಮೈಕ್ರೋಅಡಿನೋಮಾ.

ಚಿಕಿತ್ಸೆ ನಿಂತಿರುವುದೇ ಈ ವಿಂಗಡಣೆಯ ಮೇಲೆ. ಪ್ರೊಲ್ಯಾಕ್ಟಿನ್ ಗೆಡ್ಡೆಗಳಲ್ಲಿ ಹೆಚ್ಚಿನವು ಕ್ಯಾಬರ್ಗೊಲಿನ್ ಮಾತ್ರೆಗೇ ಕುಗ್ಗುತ್ತವೆ. ಶಸ್ತ್ರಚಿಕಿತ್ಸೆ ಬೇಕಾದಾಗಲೂ ಸಾಮಾನ್ಯವಾಗಿ ಮೂಗಿನ ಮೂಲಕವೇ ಮಾಡುತ್ತಾರೆ. ಆದರೆ ಗೆಡ್ಡೆ ಕಣ್ಣಿನ ನರಗಳನ್ನು ಒತ್ತಿ ಅಕ್ಕಪಕ್ಕದ ನೋಟ ಮಂಕಾಗುತ್ತಿದ್ದರೆ ದಯವಿಟ್ಟು ತಡಮಾಡದೆ ವೈದ್ಯರನ್ನು ಕಾಣಿರಿ.