ಸತ್ಯಾಂಶ: ಬರ ತಾಳುವ ಹುಲ್ಲಿಗೂ ಮೊದಲು ನೀರು ಬೇಕು

‘ಈ ಅಲಂಕಾರಿಕ ಹುಲ್ಲನ್ನು ಒಮ್ಮೆ ನೆಟ್ಟರೆ ಸಾಕು, ಮತ್ತೆ ನೀರೇ ಬೇಡ’ ಎಂಬ ಸಂದೇಶ ಬೇಸಿಗೆ ಬಂತೆಂದರೆ ಮೈಸೂರು, ಮಂಡ್ಯದ ಮೊಬೈಲ್‌ಗಳಲ್ಲಿ ಓಡಾಡುತ್ತದೆ. ನಲ್ಲಿ ನೀರಿಗೆ ಕಾಯುವವರು ಅದನ್ನು ಹಂಚಿಕೊಳ್ಳುವುದು ಸಹಜವೇ. ಆದರೆ ಅದು ಅರ್ಧ ನಿಜ ಮಾತ್ರ.

ಬರ ತಾಳುವ ಶಕ್ತಿ ಇರುವುದು ಆಳಕ್ಕಿಳಿದ ಬೇರಿನಲ್ಲಿ. ಲಾವಂಚದ ಬೇರು ಸಡಿಲ ಮಣ್ಣಿನಲ್ಲಿ 3 ಮೀಟರ್‌ವರೆಗೂ ಇಳಿಯಬಲ್ಲದು. ನರ್ಸರಿಯಿಂದ ತಂದ ಸಸಿಯ ಚೀಲ ಹರಿದು ನೋಡಿ: ಚೀಲದ ಆಕಾರದಲ್ಲೇ ಸುತ್ತಿಕೊಂಡ ಗೇಣುದ್ದದ ಎಳೆಗಳು. ಅವು ಕೆಳಗಿಳಿಯುವ ತನಕ, ಹೆಚ್ಚುಕಡಿಮೆ ಮೊದಲ ಬೇಸಿಗೆ ದಾಟುವ ತನಕ, ನೀರು ಕೊಡಲೇಬೇಕು. ಮಳೆಗಾಲದ ಆರಂಭದಲ್ಲಿ ನೆಟ್ಟರೆ ಕೆಲಸ ಹಗುರ. ಕುಂಡದ ಹುಲ್ಲಿಗಂತೂ ನೀರು ಎಂದೂ ತಪ್ಪಿಸುವಂತಿಲ್ಲ.

‘ಬರ ತಾಳುವ ಹುಲ್ಲು’ ಎಂದರೆ ಎಲ್ಲವೂ ಒಂದೇ ಅಲ್ಲ. ಮಂಡ್ಯದ ನಾಲೆ ಬಯಲಿನಂತೆ ನೀರು ನಿಲ್ಲುವ ಕಡೆ ನಿಂಬೆಹುಲ್ಲು ಕೊಳೆಯುತ್ತದೆ, ಲಾವಂಚ ತಡೆದುಕೊಳ್ಳುತ್ತದೆ. ಆಫ್ರಿಕಾ ಮೂಲದ ಫೌಂಟನ್ ಹುಲ್ಲು ನೋಡಲು ಚೆಂದ. ಆದರೆ ಬೀಜ ಗಾಳಿಗೆ ಹರಡಿ ಹವಾಯಿಯಲ್ಲಿ ಕಳೆಯಾಗಿದೆ. ನಾನಾದರೆ ಅದನ್ನು ನೆಡುವುದಿಲ್ಲ.

ಇಂಥ ಸಂದೇಶ ಬಂದಾಗ ಹುಲ್ಲಿನ ಸಸ್ಯಶಾಸ್ತ್ರೀಯ ಹೆಸರು, ಮಣ್ಣು, ಊರು ಹೇಳಿದ್ದಾರೆಯೇ ನೋಡಿ. ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಹಾಕಿದರೆ ಅದು ಮೊದಲು ಎಲ್ಲಿ ಬಂದಿತ್ತೆಂಬ ಸುಳಿವು ಸಿಗಬಹುದು. ಎಲ್ಲಕ್ಕಿಂತ ಒಳ್ಳೆಯದು, ಒಂದೇ ಪಾತಿಯಲ್ಲಿ ಎರಡು ಸಸಿ ನೆಟ್ಟು ಒಂದಕ್ಕೆ ಮಾತ್ರ ನೀರು ಹಾಕುವುದು. ಏಪ್ರಿಲ್ ಬಿಸಿಲಿನಲ್ಲಿ ವ್ಯತ್ಯಾಸ ಕಾಣಲು ಹೆಚ್ಚು ಕಾಯಬೇಕಾಗುವುದಿಲ್ಲ.